ತೆರೆಗೆ ಬಾರದ ಹಿಮಪರ್ವತ

ಮೆಕ್ಸಿಕೋ ಮೂಲದ ನಿರ್ದೇಶಕ ಗಿಯೆರ್ಮೊ ಡೆಲ್ ಟೋರೊ ತೆಗೆದ ಚಿತ್ರಗಳಷ್ಟೇ ಅವರಿಂದ ತೆಗೆಯಲಾಗದೆ ಹೋದ ಚಿತ್ರಗಳೂ ನನ್ನನ್ನು ಕಾಡುತ್ತವೆ. ಜಪಾನಿನ ಕಾಮಿಕ್ಸ್ ಕಲಾವಿದ ನವೊಕಿ ಉರಸಾವಾ ಅವರ ‘ಮಾನ್ಸ್ಟರ್’ ಕಥೆಯನ್ನು ಎಚ್‌ಬಿಒ ವಾಹಿನಿಗೆ ಧಾರಾವಾಹಿಯಾಗಿಸುವ ಯೋಜನೆ ಕೈಗೂಡಲಿಲ್ಲ, ಮೂರನೆಯ ‘ಹೆಲ್‌ಬಾಯ್’ ಚಿತ್ರ ಕೂಡ ನಿಂತುಹೋಯಿತು. ಆದರೆ ಮರೆಯಲಾಗದ ನಷ್ಟವೆಂದರೆ ‘ಅಟ್ ದ ಮೌಂಟನ್ಸ್ ಆಫ್ ಮ್ಯಾಡ್ನೆಸ್’. ಅಮೆರಿಕದ ಭಯಾನಕ ಕಥೆಗಾರ ಲವ್‌ಕ್ರಾಫ್ಟ್ 1931ರಲ್ಲಿ ಬರೆದ ಈ ನೀಳ್ಗತೆಯಲ್ಲಿ, ಅಂಟಾರ್ಕ್ಟಿಕಾಕ್ಕೆ ಹೋದ ವಿಜ್ಞಾನಿಗಳಿಗೆ ಮನುಷ್ಯಕುಲ ಹುಟ್ಟುವ ಎಷ್ಟೋ ಮೊದಲೇ ಬೇರೆ ಜೀವಿಗಳು ಕಟ್ಟಿದ್ದ ನಗರವೊಂದು ಕಾಣಸಿಗುತ್ತದೆ.

ಮ್ಯಾಥ್ಯೂ ರಾಬಿನ್ಸ್ ಜೊತೆಗೂಡಿ ಬರೆದ ಚಿತ್ರಕಥೆಯನ್ನು ಇಟ್ಟುಕೊಂಡು ಡೆಲ್ ಟೋರೊ ವರ್ಷಗಟ್ಟಲೆ ಕಾದರು. ಜೇಮ್ಸ್ ಕ್ಯಾಮರಾನ್ ನಿರ್ಮಾಪಕರಾಗಲು ಮುಂದೆ ಬಂದರು, ಟಾಮ್ ಕ್ರೂಸ್ ಜೊತೆ ಮಾತುಕತೆಯೂ ನಡೆಯಿತು. ಇಷ್ಟೆಲ್ಲ ಆದ ಮೇಲೆ, 2011ರ ಮಾರ್ಚ್‌ನಲ್ಲಿ, ಚಿತ್ರಕ್ಕೆ ಹಣ ಹಾಕಬೇಕಿದ್ದ ಯೂನಿವರ್ಸಲ್ ಸಂಸ್ಥೆ ಹಿಂದೆ ಸರಿಯಿತು. ಸುಮಾರು 15 ಕೋಟಿ ಡಾಲರ್ ವೆಚ್ಚದ ಚಿತ್ರಕ್ಕೆ ‘ಆರ್’ ಪ್ರಮಾಣಪತ್ರ, ಅಂದರೆ 17 ತುಂಬದವರು ಹಿರಿಯರ ಜೊತೆಯಿಲ್ಲದೆ ನೋಡುವಂತಿಲ್ಲವೆಂಬ ಕಟ್ಟಳೆ, ಅವರ ಲೆಕ್ಕಾಚಾರಕ್ಕೆ ಒಗ್ಗಲಿಲ್ಲ. ಹದಿಹರೆಯದವರಿಗೂ ಸಲ್ಲುವಂತೆ ತಿದ್ದಿಕೊಡುವ ಮಾತು ಕೊಡಲು ನಿರ್ದೇಶಕರು ಒಪ್ಪಲಿಲ್ಲ.

ಮುಂದೆ ಅವರೇ ಈ ಪಟ್ಟು ಸಡಿಲಿಸಲು ಸಿದ್ಧರಾದರು. ನನಗೆ ಮಾತ್ರ ಮೊದಲಿನ ಹಟವೇ ಸರಿಯೆನಿಸುತ್ತದೆ. ಕಥೆಯ ಶಿಬಿರದ ಭಾಗವನ್ನೇ ನೋಡಿ: ಹೂತುಹೋಗಿದ್ದ ವಿಚಿತ್ರ ಜೀವಿಯೊಂದನ್ನು ವಿಜ್ಞಾನಿಗಳು ಕೊಯ್ದು ಪರೀಕ್ಷಿಸುತ್ತಾರೆ. ಬಿರುಗಾಳಿ ತಣಿದ ಮೇಲೆ ತಂಡದ ಉಳಿದವರು ಅಲ್ಲಿಗೆ ಬಂದರೆ, ಸತ್ತ ಮನುಷ್ಯರ ಮತ್ತು ನಾಯಿಗಳ ಮೈಗಳನ್ನೂ ಯಾರೋ ಅಷ್ಟೇ ಅಚ್ಚುಕಟ್ಟಾಗಿ ಕೊಯ್ದಿಟ್ಟಿದ್ದಾರೆ. ನಾವು ಯಾರನ್ನು ಪರೀಕ್ಷಿಸುತ್ತಿದ್ದೆವೋ ಅವರ ಕಣ್ಣಿಗೆ ನಾವೂ ಪರೀಕ್ಷೆಯ ವಸ್ತುಗಳೇ ಎಂಬ ಅರಿವಿನಲ್ಲಿ ಈ ಕಥೆಯ ಭಯವೆಲ್ಲ ಅಡಗಿದೆ. ಕ್ಯಾಮೆರಾವನ್ನು ಬೇರೆಡೆಗೆ ತಿರುಗಿಸಿ ಆ ಡೇರೆಯನ್ನು ಮರೆಮಾಡಿದರೆ ಉಳಿಯುವುದು ಹಿಮದಲ್ಲೊಂದು ಸಾಹಸಯಾತ್ರೆ ಮಾತ್ರ. ರಕ್ತ ತೋರಿಸಬೇಕೆಂಬ ಹಂಬಲದಿಂದ ನಾನಿದನ್ನು ಹೇಳುತ್ತಿಲ್ಲ.

ಕಾಯುವುದು ಈ ನಿರ್ದೇಶಕರಿಗೆ ಹೊಸತಲ್ಲ. 2008ರಲ್ಲೇ ಘೋಷಣೆಯಾಗಿದ್ದ ‘ಪಿನೋಕಿಯೊ’ 2022ರಲ್ಲಿ ತೆರೆಕಂಡು ಆಸ್ಕರ್ ಗೆದ್ದಿತು. ದಶಕಗಳ ಕನಸಾಗಿದ್ದ ‘ಫ್ರಾಂಕೆನ್‌ಸ್ಟೈನ್’ 2025ರಲ್ಲಿ ಬಂದಿತು. ಎರಡಕ್ಕೂ ಹಣ ಹಾಕಿದ್ದು ನೆಟ್‌ಫ್ಲಿಕ್ಸ್. 2022ರಲ್ಲಿ ಅದೇ ಸಂಸ್ಥೆಗಾಗಿ ಅವರು ರೂಪಿಸಿದ ಕಥಾಮಾಲಿಕೆಯಲ್ಲಿ ಲವ್‌ಕ್ರಾಫ್ಟ್‌ನ ಎರಡು ಕಥೆಗಳಿದ್ದವು, ಆದರೆ ಅವನ್ನು ನಿರ್ದೇಶಿಸಿದವರು ಬೇರೆಯವರು. ಅದೇ ವರ್ಷ, ನಿಂತುಹೋದ ಚಿತ್ರಕ್ಕಾಗಿ ಹಿಂದೆ ಮಾಡಿಸಿದ್ದ ಗ್ರಾಫಿಕ್ಸ್ ಪರೀಕ್ಷೆಯ ಪುಟ್ಟ ತುಣುಕೊಂದನ್ನು ಅವರು ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡರು. ಕೆಲವೇ ಸೆಕೆಂಡುಗಳ ಆ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸದ್ಯಕ್ಕೆ ಆ ಚಿತ್ರದಿಂದ ನಮ್ಮ ಪಾಲಿಗೆ ಬಂದಿರುವುದು ಅಷ್ಟೇ.