ಮೊದಲು ಎಲ್ಲರಿಗೂ, ಗುಣಮಟ್ಟ ಆಮೇಲೆ: ಇಥಿಯೋಪಿಯ ಹಿಡಿದ ದಾರಿ ಸರಿಯೇ?

ಪರ: ಡಾಕ್ಟರಿಗಾಗಿ ಕಾಯುತ್ತ ಕೂರಬೇಕಿತ್ತೇ?

2000ದ ಸಮೀಕ್ಷೆಯ ಪ್ರಕಾರ ಇಥಿಯೋಪಿಯದಲ್ಲಿ ಹುಟ್ಟುವ ಸಾವಿರ ಮಕ್ಕಳಲ್ಲಿ 166 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2016ರ ಸಮೀಕ್ಷೆಯಲ್ಲಿ ಅದು 67. 1990ರ ಮಟ್ಟದಿಂದ ಮೂರನೇ ಎರಡರಷ್ಟು ಇಳಿಸಬೇಕೆಂಬ ವಿಶ್ವಸಂಸ್ಥೆಯ ಗುರಿಗೆ 2015ರ ಗಡುವಿತ್ತು. ದೇಶ 2012ರಲ್ಲೇ ಅದನ್ನು ಮುಟ್ಟಿತು. ದೊಡ್ಡ ಆಸ್ಪತ್ರೆಗಳಿಂದ ಆದದ್ದಲ್ಲ ಇದು.

2003ರಲ್ಲಿ ಶುರುವಾದ ಆರೋಗ್ಯ ವಿಸ್ತರಣಾ ಕಾರ್ಯಕ್ರಮದ ಆಗಿನ ಲೆಕ್ಕ ಸರಳ. ಅಲ್ಲಿನ ಅತಿ ಚಿಕ್ಕ ಆಡಳಿತ ಘಟಕ ಕೆಬೆಲೆ, ಸುಮಾರು ಐದು ಸಾವಿರ ಜನ. ಒಂದೊಂದಕ್ಕೂ ಒಂದು ಹೆಲ್ತ್ ಪೋಸ್ಟ್, ಇಬ್ಬರು ಹೆಣ್ಣುಮಕ್ಕಳು. ಹತ್ತನೇ ತರಗತಿ ಮುಗಿಸಿದ ಊರಿನವರೇ. ಒಂದು ವರ್ಷದ ತರಬೇತಿ. ನಮ್ಮ ಆಶಾ ಕಾರ್ಯಕರ್ತೆಯರಂತೆ ಪ್ರೋತ್ಸಾಹಧನಕ್ಕೆ ಕೈಯೊಡ್ಡಬೇಕಿಲ್ಲ, ಸರ್ಕಾರಿ ಸಂಬಳ.

ಆರಂಭದಲ್ಲಿ ಇವರು ನ್ಯುಮೋನಿಯಾಗೆ ಔಷಧಿ ಕೊಡುವಂತಿರಲಿಲ್ಲ, ದೂರದ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕಿತ್ತು. ಬೆಟ್ಟ ಇಳಿದು ಹತ್ತಿ ಹೋಗಲಾರದವರು ಮನೆಯಲ್ಲೇ ಉಳಿಯುತ್ತಿದ್ದರು. 2010ರ ಹೊತ್ತಿಗೆ ಆ ನಿಯಮ ಬದಲಾಯಿತು. ಕೆಲಸ ಇಷ್ಟೇ: ಪೂರ್ತಿ ಒಂದು ನಿಮಿಷ ಮಗುವಿನ ಉಸಿರು ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಅದಕ್ಕೆ ಮೇಲ್ಪಟ್ಟು ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ಆ್ಯಂಟಿಬಯೋಟಿಕ್. ಅಳುವ ಮಗುವಿನ ಉಸಿರು ಎಣಿಸಿದರೆ ಲೆಕ್ಕ ಕೆಡುತ್ತದೆ, ಸುಮ್ಮನಾಗುವವರೆಗೆ ಕಾಯಬೇಕು. ಹಾಲನ್ನೇ ಕುಡಿಯಲಾರದಷ್ಟು ಸೋತಿದ್ದರೆ ತಡಮಾಡದೆ ಮೇಲಿನ ಕೇಂದ್ರಕ್ಕೆ. ಭೇದಿಗೆ ಓಆರ್‌ಎಸ್ ಜೊತೆ ಹತ್ತು ದಿನ ಜಿಂಕ್ ಮಾತ್ರೆ, ಆಗಿನ ನಿಯಮದಂತೆ ದಿನಕ್ಕೆ 20 ಮಿಲಿಗ್ರಾಂ. ಆರು ತಿಂಗಳೊಳಗಿನ ಕೂಸಿಗೆ ಅದರ ಅರ್ಧ. ಭೇದಿ ನಿಂತ ಕೂಡಲೇ ತಾಯಂದಿರು ಮಾತ್ರೆ ನಿಲ್ಲಿಸಿಬಿಡುತ್ತಾರೆ, ಆದ್ದರಿಂದ ಮತ್ತೆ ಮನೆಗೆ ಹೋಗಿ ವಿಚಾರಿಸಬೇಕು. ಇದಕ್ಕೆ ಎಂಬಿಬಿಎಸ್ ಬೇಕೇ? ಬೇಕಿರುವುದು ಊರಲ್ಲೇ ಇರುವ ಒಬ್ಬಳು.

ಗರ್ಭನಿರೋಧಕ ಬಳಸುವ ವಿವಾಹಿತೆಯರು 2000ದಲ್ಲಿ ಶೇ 8, 2016ರಲ್ಲಿ ಶೇ 36. ಗರ್ಭ ತಡೆಯುವ ಪುಟ್ಟ ಕಡ್ಡಿಯನ್ನು ತೋಳಿನ ಚರ್ಮದಡಿ ಇಡುವುದನ್ನೂ ಇದೇ ಕಾರ್ಯಕರ್ತೆಯರು ಕಲಿತರು.

ಗುಣಮಟ್ಟದ ಪಂಡಿತರ ಮಾತು ಕೇಳಿದ್ದರೆ ಅಡಿಸ್ ಅಬಾಬಾದಲ್ಲಿ ನಾಲ್ಕು ಅಮೃತಶಿಲೆಯ ಆಸ್ಪತ್ರೆ ಎದ್ದಿರುತ್ತಿದ್ದವು, ಅಷ್ಟೆ. ಶಾಲೆಯ ಮಾತೂ ಅದೇ: ಮಗು ಮೊದಲು ಒಳಗೆ ಬರಲಿ.

ವಿರೋಧ: ಬಾಕಿ ತೀರಿಸುವವರು ಯಾರು?

ಮಕ್ಕಳ ಸಾವು ಇಳಿದದ್ದನ್ನು ವಿರೋಧ ಬರೆಯಲು ಒಪ್ಪಿದವರೂ ಅಲ್ಲಗಳೆಯಲಾಗದು. ಇಳಿಯದೆ ನಿಂತದ್ದನ್ನಷ್ಟೇ ತೋರಿಸುತ್ತೇನೆ.

ಹುಟ್ಟಿದ 28 ದಿನಗಳೊಳಗಿನ ಸಾವು ಸಾವಿರಕ್ಕೆ 2016ರಲ್ಲಿ 29, 2019ರಲ್ಲಿ 33. ದೇಶದ ಉತ್ತರದ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಶುರುವಾದದ್ದು 2020ರ ಕೊನೆಗೆ, ಹಾಗಾಗಿ ಇದನ್ನು ಅದರ ತಲೆಗೆ ಕಟ್ಟುವಂತಿಲ್ಲ. ಈ ಕೂಸುಗಳು ಸಾಯುವುದು ಅವಧಿಗೆ ಮುನ್ನ ಹುಟ್ಟಿ, ಹುಟ್ಟುವಾಗ ಉಸಿರುಕಟ್ಟಿ, ಇಲ್ಲವೇ ನಂಜಾಗಿ. ಇಲ್ಲಿ ಬೇಕಿರುವುದು ರಾತ್ರಿ ಕರೆಂಟು, ಹರಿಯುವ ನೀರು, ಕೂಸಿನ ಮುಖಕ್ಕೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತಿ ಗಾಳಿ ಕೊಡಬಲ್ಲ ಪಳಗಿದ ಕೈ. ನೀರು, ಕರೆಂಟು ಎರಡೂ ಇಲ್ಲದ ಹೆಲ್ತ್ ಪೋಸ್ಟ್‌ಗಳು ಎಷ್ಟೋ. 2011ರಲ್ಲೂ ನುರಿತವರ ಕೈಯಲ್ಲಿ ಆದ ಹೆರಿಗೆ ಶೇ 10 ಮಾತ್ರ.

ತೋಳಿನ ಕಡ್ಡಿಯ ಮಾತೂ ಬಂತಲ್ಲ. ಕಾರ್ಯಕರ್ತೆಯರಿಗೆ ಮೊದಲು ಕಲಿಸಿದ್ದು ಇಡುವುದನ್ನು. ತೆಗೆಸಬೇಕಾದರೆ ಆರೋಗ್ಯ ಕೇಂದ್ರಕ್ಕೇ ನಡೆಯಬೇಕಿತ್ತು. ಇದೇ ಕಾರ್ಯಕ್ರಮದಲ್ಲಿ ಮನೆಗಳಲ್ಲಿ ತೋಡಿಸಿದ ಗುಂಡಿಯ ಶೌಚಾಲಯಗಳ ಕತೆಯೂ ಹೀಗೆಯೇ: ಮೇಲೆ ತೊಳೆಯಬಹುದಾದ ಚಪ್ಪಡಿ ಇಲ್ಲ, ಮಳೆಗೆ ಅಂಚು ಕುಸಿಯುತ್ತದೆ, ತುಂಬಿದ ಮೇಲೆ ಇನ್ನೊಂದು ತೋಡುವವರಿಲ್ಲ. 2016ರಲ್ಲಿ ಸುಧಾರಿತ ಶೌಚಾಲಯ ಇದ್ದದ್ದು ಶೇ 6 ಮನೆಗಳಲ್ಲಿ.

ಮಗು ಮೊದಲು ಒಳಗೆ ಬರಲಿ ಎಂದರು. 1994ರ ಶಿಕ್ಷಣ ನೀತಿಯ ನಂತರ ಮಕ್ಕಳು ಬಂದರು ಕೂಡ. ಜಾಗ ಸಾಲದೆ ಪಾಳಿಯಲ್ಲಿ ಶಾಲೆ ನಡೆಯಿತು. ಮೊದಲ ಮೂರು ತರಗತಿಗಳಲ್ಲಿ ಓದು ಬಂದರೂ ಬಾರದಿದ್ದರೂ ಪಾಸು. 2022ರಲ್ಲಿ ಸೋರಿಕೆ ತಡೆಯಲೆಂದು ಹನ್ನೆರಡನೇ ತರಗತಿಯ ಪರೀಕ್ಷೆಯನ್ನು ವಿಶ್ವವಿದ್ಯಾಲಯಗಳ ಆವರಣದಲ್ಲೇ ನಡೆಸಿದರು. ಅರ್ಧದಷ್ಟಾದರೂ ಅಂಕ ಗಳಿಸಿದವರು ಶೇ 3.3. ಸೀಟುಗಳು ಖಾಲಿ ಉಳಿಯುವಂತಾದಾಗ, ಅನುತ್ತೀರ್ಣರಾದವರಲ್ಲೇ ಒಂದಷ್ಟು ಮಂದಿಯನ್ನು ಆರಿಸಿ ವಿಶ್ವವಿದ್ಯಾಲಯಗಳು ಪೂರಕ ಪಾಠ ಶುರುಮಾಡಬೇಕಾಯಿತು.