ಮಂಗಳದಲ್ಲಿ ಸೈಟು: ಖಾತಾ ಮಾಡಿಕೊಡೋರು ಯಾರು?

ಅಮೆರಿಕದ ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್‌ನಿಂದ ಸೌತ್ ಪಾದ್ರೆ ದ್ವೀಪಕ್ಕೆ ಕಾರಿನಲ್ಲಿ ಆರು ಗಂಟೆ ದಾರಿ. 2024ರ ಅಕ್ಟೋಬರ್ 13ರಂದು ನಾವು ನಾಲ್ಕು ಜನ ರಾತ್ರಿಯೆಲ್ಲ ಗಾಡಿ ಓಡಿಸಿ, ಬೆಳಕು ಹರಿಯುವ ಮುಂಚೆ ಅಲ್ಲಿದ್ದೆವು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ. ನೀರಿನ ಆಚೆ ಬೋಕಾ ಚೀಕಾದಲ್ಲಿ ಇಲಾನ್ ಮಸ್ಕ್ ಅವರ ಸ್ಪೇಸ್‌ಎಕ್ಸ್ ಕಂಪನಿ ಮಂಗಳಕ್ಕೆ ಹೋಗಲೆಂದು ಕಟ್ಟಿದ ರಾಕೆಟ್ ಸ್ಟಾರ್‌ಶಿಪ್ ನಿಂತಿತ್ತು.

ಬೆಂಕಿ ಮೊದಲು ಕಾಣಿಸಿತು. ಸದ್ದು ಎಷ್ಟೋ ಹೊತ್ತಿನ ಮೇಲೆ ಬಂದು ಎದೆಗೂಡನ್ನೇ ಅಲ್ಲಾಡಿಸಿತು. ಏಳು ನಿಮಿಷದಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ಎತ್ತರದ ಬೂಸ್ಟರ್, ಅಂದರೆ ರಾಕೆಟ್ಟಿನ ಕೆಳಭಾಗ, ವಾಪಸ್ ಇಳಿದು ಬಂತು. ಗೋಪುರದ ಎರಡು ಕೈಗಳು ಅದನ್ನು ಗಾಳಿಯಲ್ಲೇ ಹಿಡಿದವು. ಆಮೇಲೆ, ಅದು ಶಬ್ದಕ್ಕಿಂತ ವೇಗವಾಗಿ ಇಳಿದದ್ದರ ಢಂ ಅಂತ ಸದ್ದು. ಪಾರ್ಕಿಂಗ್‌ನಲ್ಲಿದ್ದ ಕಾರುಗಳೆಲ್ಲ ಕಿರುಚಿಕೊಂಡವು. ಗೆಳೆಯನ ಕೈಲಿದ್ದ ಕಾಫಿ ಅರ್ಧ ಮರಳಿಗೆ ಹೋಯಿತು. ಅವನಿಗೆ ಗೊತ್ತೇ ಆಗಲಿಲ್ಲ.

ಇದೇ ಜಾಗದಲ್ಲಿ 2023ರ ಏಪ್ರಿಲ್ 20ರಂದು ಪೂರ್ತಿ ಜೋಡಿಸಿದ ಮೊದಲ ಸ್ಟಾರ್‌ಶಿಪ್ ನಾಲ್ಕೇ ನಿಮಿಷದಲ್ಲಿ ಸಿಡಿದಿತ್ತು. ಕೆಳಗಿನ ಕಾಂಕ್ರೀಟ್ ಚೂರುಚೂರಾಗಿ, ಪೋರ್ಟ್ ಇಸಾಬೆಲ್ ಊರಿನ ಮೇಲೆ ಧೂಳು ಉದುರಿತ್ತು. ಆದರೂ ಸ್ಪೇಸ್‌ಎಕ್ಸ್ ಸಿಬ್ಬಂದಿ ಚಪ್ಪಾಳೆ ತಟ್ಟಿದರು! ಟಿವಿ ಮುಂದೆ ಕೂತು ನಾನು, ಇವರಿಗೇನು ತಲೆ ಕೆಟ್ಟಿದೆಯಾ ಅಂದುಕೊಂಡಿದ್ದೆ.

ಯಾಕೆಂದರೆ ನನ್ನ ತಲೆಯಲ್ಲಿದ್ದದ್ದು 2019ರ ಸೆಪ್ಟೆಂಬರ್ 6-7ರ ನಡುವಿನ ರಾತ್ರಿ. ಪೀಣ್ಯದ ಇಸ್ರೋ ಕೇಂದ್ರದಲ್ಲಿ, ಚಂದ್ರನ ಮೇಲೆ ಇಳಿಯಬೇಕಿದ್ದ ಚಂದ್ರಯಾನ-2ರ ವಿಕ್ರಮ್‌ನ ಸಿಗ್ನಲ್ ನಿಂತಿತು. ಬೆಳಗ್ಗೆ ಇಸ್ರೋದ ಆಗಿನ ಅಧ್ಯಕ್ಷ ಶಿವನ್ ಅತ್ತರು. ದೇಶಕ್ಕೆ ದೇಶವೇ ಸಾವಿನ ಮನೆ ಥರ ಆಯ್ತು. ಆಮೇಲೆ ಇಸ್ರೋ ಏನೇನು ಕೈಕೊಡಬಹುದು ಎಂದು ಒಂದೊಂದಾಗಿ ಹುಡುಕಿ ಚಂದ್ರಯಾನ-3 ಕಟ್ಟಿತು. 2023ರ ಆಗಸ್ಟ್ 23ರಂದು ಇಳಿಸಿಯೂ ಬಿಟ್ಟಿತು. ಸೋಲಿನಿಂದ ನಾವೂ ಕಲಿಯುತ್ತೇವೆ, ಬಾಗಿಲು ಹಾಕಿಕೊಂಡು ಕಲಿಯುತ್ತೇವೆ ಅಷ್ಟೆ. ನನಗೆ ಇಲ್ಲಿ ಅಮೆರಿಕದವರ ದಾರಿ ಜಾಸ್ತಿ ಇಷ್ಟ. ಬೆಂಗಳೂರಿನಲ್ಲಿ ಪಿಕ್ಸೆಲ್, ಬೆಲಾಟ್ರಿಕ್ಸ್ ಥರದ ಬಾಹ್ಯಾಕಾಶ ಕಂಪನಿಗಳನ್ನು ಹುಡುಗರು ಕಟ್ಟಿದ್ದಾರೆ. ಅವರದ್ದೂ ಏನಾದರೂ ಒಂದು ದಿನ ಸಿಡಿದರೆ ನಾವು ಮುಖ ಸಿಂಡರಿಸಬಾರದು.

ಹಾಗಂತ ಅಮೆರಿಕದಲ್ಲಿ ಎಲ್ಲವೂ ಸ್ವಂತ ದುಡ್ಡಿನ ಸಾಹಸ ಅಂದುಕೊಳ್ಳಬೇಡಿ. 2006ರಿಂದ 2008ರವರೆಗೆ ಸ್ಪೇಸ್‌ಎಕ್ಸ್‌ನ ಮೊದಲ ರಾಕೆಟ್ ಫಾಲ್ಕನ್-1 ಮೂರು ಸಲ ಕೆಟ್ಟಿತು. ನಾಲ್ಕನೇದು ಹಾರಿದ್ದು 2008ರ ಸೆಪ್ಟೆಂಬರ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ ನಾಸಾ 160 ಕೋಟಿ ಡಾಲರ್ ಗುತ್ತಿಗೆ ಕೊಟ್ಟಿತು. ಕಂಪನಿ ಉಸಿರಾಡಿದ್ದು ಆ ದುಡ್ಡಿನಿಂದ.

ಇನ್ನು ಮಂಗಳದಲ್ಲಿ ಊರು ಕಟ್ಟುವ ಮಾತು. ರಾಕೆಟ್ ನೋಡಿ ಕುಣಿಯುವ ನಾನು ಈ ಮಾತಿಗೆ ಬಂದಾಗ ಪಕ್ಕಾ ಬೆಂಗಳೂರಿನವನಾಗಿಬಿಡುತ್ತೇನೆ. 2016ರಲ್ಲಿ ಮೆಕ್ಸಿಕೋದ ಗ್ವಾದಲಹಾರಾದಲ್ಲಿ ಇಲಾನ್ ಮಸ್ಕ್ ಹತ್ತು ಲಕ್ಷ ಜನರ ಊರಿನ ಲೆಕ್ಕ ಹೇಳಿದರು. ಟಿಕೆಟ್ಟನ್ನು ಎರಡು ಲಕ್ಷ ಡಾಲರಿಗೆ, ಅಂದರೆ ಅಮೆರಿಕದ ಒಂದು ಸಾಧಾರಣ ಮನೆಯ ಬೆಲೆಗೆ, ಇಳಿಸುವುದು ಗುರಿಯಂತೆ. ಇದು ಲೇಔಟ್ ಬ್ರೋಷರ್ ಅಲ್ವಾ? ನಾನೂ ಒಂದು ಬ್ರೋಷರ್ ನಂಬಿ ಬೆಂಗಳೂರಿನ ಹೊರಗೆ ಸೈಟು ತಗೊಂಡವನು. ಕಾವೇರಿ ನೀರು ಇನ್ನೇನು ಬಂತು ಅಂದಿದ್ದರು. ಇವತ್ತಿಗೂ ಬೋರ್‌ವೆಲ್ಲೇ ಗತಿ.

ಈ ಹೊಸ ಲೇಔಟಿಗೆ ಬಸ್ಸು 26 ತಿಂಗಳಿಗೊಮ್ಮೆ. ಭೂಮಿ, ಮಂಗಳ ಎರಡೂ ಸರಿಯಾದ ಜಾಗಕ್ಕೆ ಬಂದಾಗ ಮಾತ್ರ ಹೊರಡಬೇಕು. ದಾರಿಯೇ ಆರೇಳು ತಿಂಗಳು. ಗಾಳಿಯ ಒತ್ತಡ ಇಲ್ಲಿಯದರ ನೂರರಲ್ಲಿ ಒಂದು ಪಾಲೂ ಇಲ್ಲ, ಇರುವುದೂ ಬಹುಪಾಲು ಕಾರ್ಬನ್ ಡೈಆಕ್ಸೈಡ್. ಸರಾಸರಿ ಚಳಿ ಮೈನಸ್ 60 ಡಿಗ್ರಿ ಆಸುಪಾಸು. ಮಣ್ಣಿನಲ್ಲಿ ಪರ್ಕ್ಲೋರೇಟ್ ವಿಷ ಬೇರೆ. ಖಾತಾ? 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಅದನ್ನು ತನ್ನದು ಅನ್ನುವಂತಿಲ್ಲ. ಸ್ಪೇಸ್‌ಎಕ್ಸ್‌ನದೇ ಸ್ಟಾರ್‌ಲಿಂಕ್ ಇಂಟರ್ನೆಟ್ಟಿನ 2020ರ ಷರತ್ತುಗಳಲ್ಲಿ ಮಾತ್ರ, ಮಂಗಳ ಸ್ವತಂತ್ರ ಗ್ರಹ, ಭೂಮಿಯ ಯಾವ ಸರ್ಕಾರಕ್ಕೂ ಅಲ್ಲಿ ಅಧಿಕಾರವಿಲ್ಲ ಎಂದು ಬರೆದಿದ್ದರು. ಹೋಗುವ ಮುಂಚೆಯೇ ಪಂಚಾಯಿತಿ ತೆಗೆದುಹಾಕಿದ ಹಾಗಾಯ್ತು.

ಅವತ್ತು ವಾಪಸ್ ಬರುವ ದಾರಿಯಲ್ಲಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ವರ್ಣಿಸಿದೆ. ಬೂಸ್ಟರ್ ಹಿಡಿದದ್ದಕ್ಕೆ ಅವಳು ಭೇಷ್ ಅಂದಳು. ಮಂಗಳದ ಊರಿನ ವಿಷಯ ಬಂದಾಗ ಸ್ವಲ್ಪ ಸುಮ್ಮನಿದ್ದು, "ಅಲ್ಲಿ ನೀರು ಬಿಡ್ತಾರಾ?" ಅಂತ ಕೇಳಿದಳು.

"ನೆಲದಡಿ ಮಂಜುಗಡ್ಡೆ ಇದೆಯಮ್ಮಾ. ಅಗೆದು ತೆಗೀಬೇಕು."

"ಹಾಗಾದ್ರೆ ಬೋರ್‌ವೆಲ್ ಅನ್ನು."