ದೇಶದ ಡೊಮೈನ್ ಹೊರಗಿನವರಿಗೂ ಮಾರಬೇಕೇ?

ಪರ

ಶಾಂತಸಾಗರದ ತುವಾಲು ದೇಶದಲ್ಲಿರುವುದು ಸುಮಾರು 11 ಸಾವಿರ ಜನ. ಗಣಿ ಇಲ್ಲ, ದೊಡ್ಡ ಕಾರ್ಖಾನೆ ಇಲ್ಲ. ಆದರೆ ಪ್ರತಿ ದೇಶಕ್ಕೂ ವೆಬ್ ವಿಳಾಸದ ಕೊನೆಯಲ್ಲಿ ಬರುವ ಒಂದು ಕೋಡ್ ಇರುತ್ತದಲ್ಲ, ಅದರ ಪಾಲಿಗೆ ಬಂದದ್ದು ಡಾಟ್ ಟಿವಿ. ವಿಡಿಯೋ ಕಂಪನಿಗಳು ಅದಕ್ಕಾಗಿ ಮುಗಿಬಿದ್ದವು. ಕೋಡ್ ಬಳಸಲು ಕೊಟ್ಟ ಒಪ್ಪಂದದ ಹಣ ಬಂದ ಮೇಲೆಯೇ ತುವಾಲು 2000ರಲ್ಲಿ ವಿಶ್ವಸಂಸ್ಥೆ ಸೇರಲು ಸಾಧ್ಯವಾಯಿತು. ಇದಕ್ಕಿಂತ ದೊಡ್ಡ ಉಪಯೋಗ ಬೇಕೇ?

ಕೆರಿಬಿಯನ್‌ನ ಅಂಗ್ವಿಲಾ ದ್ವೀಪದ್ದು ಡಾಟ್ ಎಐ. 2023ರಲ್ಲಿ ಅದರಿಂದ ಬಂದದ್ದು ಸುಮಾರು 3.2 ಕೋಟಿ ಡಾಲರ್, ಸರ್ಕಾರದ ಆದಾಯದ ಐದನೇ ಒಂದು ಪಾಲಿಗಿಂತ ಜಾಸ್ತಿ. ಪ್ರವಾಸಿಗರನ್ನೇ ನಂಬಿದ ದ್ವೀಪ ಅದು. ಒಂದು ಚಂಡಮಾರುತ ಬಂದರೆ ಹೋಟೆಲುಗಳು ಬಾಗಿಲು ಹಾಕುತ್ತವೆ. ಡೊಮೈನ್ ನವೀಕರಣದ ಹಣ ಮಾತ್ರ ಬರುತ್ತಲೇ ಇರುತ್ತದೆ. ಸ್ಥಳೀಯರಿಗೆ ಮಾತ್ರ ಎಂದು ಬಾಗಿಲು ಹಾಕಿದ್ದರೆ ಈ ಹಣ ಎಲ್ಲಿಂದ ಬರುತ್ತಿತ್ತು? ಹೊರಗಿನವರು ಹೆಸರು ಕೊಂಡರೆ ಊರಿನವರು ಕಳೆದುಕೊಳ್ಳುವುದೂ ಏನಿಲ್ಲ. ಸರ್ಕಾರಕ್ಕೆ, ಶಾಲೆಗಳಿಗೆ ಬೇಕಾದ ಹೆಸರುಗಳನ್ನು ಮೊದಲೇ ಕಾಯ್ದಿರಿಸಿದರೆ ಸಾಕು.

ವಿರೋಧ

ಕಳೆದುಕೊಳ್ಳುವುದು ಏನಿಲ್ಲ ಅಂದರೆ ಹೇಗೆ? ಶಾಂತಸಾಗರದ ಟೊಕೆಲಾವ್ ದ್ವೀಪಗಳ ಡಾಟ್ ಟಿಕೆ ನೋಡಿ. ಅದನ್ನು ನಡೆಸಿದ ವಿದೇಶಿ ಕಂಪನಿ ಹೆಸರುಗಳನ್ನು ಪುಕ್ಕಟೆ ಹಂಚಿತು. ಒಂದು ಕಾಲಕ್ಕೆ ಕೋಟಿಗಟ್ಟಲೆ ಹೆಸರುಗಳಿದ್ದವು. ಸುಮ್ನೆ ಸಿಗುತ್ತದೆ ಅಂದಮೇಲೆ ವಂಚಕರು ಬಿಡುತ್ತಾರೆಯೇ? ನಕಲಿ ಬ್ಯಾಂಕ್ ಪುಟ, ಸ್ಪ್ಯಾಮ್ ಎಲ್ಲ ಅಲ್ಲೇ ಬೀಡುಬಿಟ್ಟವು. ಹೆಸರು ಕೆಟ್ಟದ್ದು ಕಂಪನಿಯದ್ದಷ್ಟೇ ಅಲ್ಲ, ಆ ಪುಟ್ಟ ದ್ವೀಪಗಳದ್ದೂ ಹೌದು.

ಆಗ ಇಂಟರ್ನೆಟ್ಟಿನ ಈ ಕೋಡ್‌ಗಳನ್ನು ಹಂಚುತ್ತಿದ್ದ ಜಾನ್ ಪೋಸ್ಟೆಲ್ 1994ರಲ್ಲೇ ಸ್ಪಷ್ಟವಾಗಿ ಬರೆದಿದ್ದರು: ದೇಶದ ಕೋಡ್ ನೋಡಿಕೊಳ್ಳುವವರು ಅದರ ಮಾಲೀಕರಲ್ಲ, ಆ ದೇಶದ ಜನರ ಪರವಾಗಿ ಕಾಯುವವರು. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆ. ಡಾಟ್ ಐಒ ವಿಷಯದಲ್ಲಿ ಈ ಮಾತು ಎಲ್ಲಿ ಉಳಿಯಿತು? ಆ ಕೋಡ್ ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರದೇಶದ್ದು, ಅಂದರೆ ಚಾಗೋಸ್ ದ್ವೀಪಗಳದ್ದು. 1973ರ ಹೊತ್ತಿಗೆ ಅಲ್ಲಿನ ಜನರನ್ನೆಲ್ಲ ಒಕ್ಕಲೆಬ್ಬಿಸಿ ಆಗಿತ್ತು. ಆ ಕೋಡ್ ಮಾತ್ರ ತಂತ್ರಜ್ಞಾನ ಕಂಪನಿಗಳ ಕೈಯಲ್ಲಿ ಮೆರೆಯಿತು. ಊರು ಕಳೆದುಕೊಂಡವರು ಲಾಭದಲ್ಲಿ ಪಾಲು ಕೇಳುತ್ತಾ ದೂರು ಕೊಡಬೇಕಾಯಿತು. ಇದು ಅನ್ಯಾಯ ಅಲ್ವಾ?

ಕೊಂಡವರೂ ನೆಮ್ಮದಿಯಾಗಿಲ್ಲ. 2010ರಲ್ಲಿ ಲಿಬಿಯಾ ತನ್ನ ಕಾನೂನಿಗೆ ವಿರುದ್ಧ ಎಂದು ಡಾಟ್ ಎಲ್‌ವೈ ಹೆಸರೊಂದನ್ನು ಕಿತ್ತುಕೊಂಡಿತು. ಅದನ್ನು ಬಳಸುತ್ತಿದ್ದವರು ಲಿಬಿಯಾದವರೇ ಅಲ್ಲ. ಅದೇ ವರ್ಷ ಯುಗೊಸ್ಲಾವಿಯಾದ ಡಾಟ್ ವೈಯು ಪೂರ್ತಿ ಅಳಿಸಿಹೋಯಿತು. ದೇಶ ಒಡೆದರೆ ಕೋಡೂ ಉಳಿಯುವ ಖಾತರಿ ಇಲ್ಲ. ನಕ್ಷೆಯಲ್ಲಿ ಆ ದೇಶ ಎಲ್ಲಿದೆ ಎಂದೂ ನೋಡದೆ ಹೆಸರು ಕೊಳ್ಳುವವರಿಗೆ ಮಾರುವ ಮುನ್ನ ಇದನ್ನು ಯಾರೂ ಹೇಳುವುದಿಲ್ಲ.